ಗಿರಿಜಕ್ಕನ ಜಪಾನಿ ಆಂಪ್ಲಿಫೈಯರ್

ಪಾಠ ಹೇಳುವವರಿಗೆಲ್ಲ ಒಂದು ರೋಗವಿರುತ್ತದೆ. ಹೇಳಿಕೊಡುವುದನ್ನೆಲ್ಲ ಮಾಡಲೂ ಬರುತ್ತದೆ ಎಂದು ನಂಬಿಬಿಡುವುದು. ನಾನು ಶಿಕಾರಿಪುರದ ಕಾಲೇಜೊಂದರಲ್ಲಿ ಇಪ್ಪತ್ತೆರಡು ವರ್ಷಗಳಿಂದ ಭೌತಶಾಸ್ತ್ರ ಪಾಠ ಮಾಡುತ್ತಿದ್ದೇನೆ. ವರ್ಷಕ್ಕೊಮ್ಮೆ ತಪ್ಪದೆ ಟ್ರಾನ್ಸ್‌ಫಾರ್ಮರ್ ಚಿತ್ರ ಬರೆಯುತ್ತೇನೆ. ಎಡಗಡೆ ಒಂದಷ್ಟು ಸುರುಳಿ, ಬಲಗಡೆ ಒಂದಷ್ಟು ಸುರುಳಿ, ನಡುವೆ ಕಬ್ಬಿಣದ ಚೌಕ. ಚಿತ್ರ ಎಷ್ಟು ಚೆನ್ನಾಗಿ ಬರುತ್ತದೆಂದರೆ ಅದನ್ನು ಒರೆಸಲು ನನಗೇ ಮನಸ್ಸಾಗುವುದಿಲ್ಲ. ಆದರೆ ನಿಜವಾದ ಟ್ರಾನ್ಸ್‌ಫಾರ್ಮರನ್ನು ನಾನು ಬಿಚ್ಚಿ ನೋಡಿದವನಲ್ಲ. ಮನೆಯಲ್ಲಿ ಬಲ್ಬ್ ಬದಲಿಸುವುದು ನನ್ನ ಹೆಂಡತಿ. ಈ ವಿಷಯ ನನ್ನ ವಿದ್ಯಾರ್ಥಿಗಳಿಗೆ ಗೊತ್ತಿಲ್ಲ. ದುರದೃಷ್ಟವೆಂದರೆ ಸೊರಬದಲ್ಲಿರುವ ನನ್ನ ಅಕ್ಕನಿಗೂ ಗೊತ್ತಿರಲಿಲ್ಲ.

ಗಿರಿಜಕ್ಕ ಸೊರಬದ ಬಸ್ ನಿಲ್ದಾಣದ ಹಿಂದೆ ಟೈಲರಿಂಗ್ ಅಂಗಡಿ ಇಟ್ಟುಕೊಂಡಿದ್ದಾಳೆ. ವಯಸ್ಸು ಐವತ್ತಮೂರು. ಭಾವ ತೀರಿಕೊಂಡ ಮೇಲೆ ಹೊಲಿಗೆ ಮಷಿನ್ನಿನ ಸದ್ದೊಂದನ್ನು ಬಿಟ್ಟರೆ ಆ ಮನೆಯಲ್ಲಿ ಬೇರೆ ಸದ್ದೇ ಇರಲಿಲ್ಲ. ಹೋದ ವರ್ಷ ಅವಳ ಮಹಡಿಯ ಕೋಣೆಗೆ ಯೂಕೊ ಎಂಬ ಜಪಾನಿನ ಹೆಣ್ಣುಮಗಳು ಬಾಡಿಗೆಗೆ ಬಂದಳು. ಬಳ್ಳಿಗಾವಿ ಮತ್ತು ಸುತ್ತಲಿನ ಹಳೆಯ ದೇವಸ್ಥಾನಗಳ ಕೆತ್ತನೆಗಳನ್ನು ಅಭ್ಯಾಸ ಮಾಡುವುದು ಅವಳ ಕೆಲಸ. ಹಗಲೆಲ್ಲ ಕಲ್ಲು ನೋಡಿ ಬಂದವಳು ಸಂಜೆ ಗಿಟಾರ್ ಬಾರಿಸುತ್ತಿದ್ದಳು. ಅದು ಕರೆಂಟಿನ ಗಿಟಾರ್. ಅದನ್ನು ಒಂದು ಪುಟ್ಟ ಕಪ್ಪು ಆಂಪ್ಲಿಫೈಯರಿಗೆ ಸಿಕ್ಕಿಸಿದರೆ ಮಾತ್ರ ದನಿ. ಅಕ್ಕ ಮೊದಲು ಕಾಫಿ ಕೊಡುವ ನೆವದಲ್ಲಿ ಕೇಳಲು ಹೋದಳು. ಆಮೇಲೆ ನೆವವಿಲ್ಲದೆ ಹೋದಳು. ಆಮೇಲೆ ಕಲಿಯತೊಡಗಿದಳು. ಗಿಟಾರ್ ತಂತಿ ಒತ್ತಿದರೆ ಹೊಸಬರ ಬೆರಳು ಉರಿದುಹೋಗುತ್ತದಂತೆ. ಮೂವತ್ತು ವರ್ಷ ಸೂಜಿ ಹಿಡಿದು ಗಟ್ಟಿಯಾದ ಅಕ್ಕನ ಬೆರಳಿಗೆ ತಂತಿ ಇದೆಯೆಂಬುದೇ ಗೊತ್ತಾಗಲಿಲ್ಲ.

ಆರು ತಿಂಗಳಾದ ಮೇಲೆ ಯೂಕೊ ಊರಿಗೆ ಹೊರಟಾಗ ಗಿಟಾರನ್ನೂ ಆಂಪ್ಲಿಫೈಯರನ್ನೂ ಅಕ್ಕನ ಕೈಗಿಟ್ಟಳು. ಆದರೆ ಅದರ ಜೊತೆಗಿದ್ದ ಭಾರದ ಟ್ರಾನ್ಸ್‌ಫಾರ್ಮರ್ ಪೆಟ್ಟಿಗೆ ಅವಳ ವಿಶ್ವವಿದ್ಯಾಲಯದ್ದು, ಅದನ್ನು ಬಿಡುವಂತಿರಲಿಲ್ಲ. ಜಪಾನಿನ ಮನೆಗಳಲ್ಲಿ ಕರೆಂಟು ನೂರು ವೋಲ್ಟ್, ನಮ್ಮಲ್ಲಿ ಇನ್ನೂರ ಮೂವತ್ತು. ನಡುವೆ ಇಳಿಸುವ ಪೆಟ್ಟಿಗೆ ಬೇಕೇ ಬೇಕು ಎಂದು ಅವಳು ಕೈಸನ್ನೆ ಮಾಡಿ ಹೇಳಿದಳಂತೆ. ಅಕ್ಕ ಹೆಮ್ಮೆಯಿಂದ, "ನನ್ ತಮ್ಮ ಫಿಸಿಕ್ಸ್ ಮೇಷ್ಟ್ರು" ಅಂದಳಂತೆ. ಯೂಕೊ ಸಮಾಧಾನದಿಂದ ಬಸ್ ಹತ್ತಿದಳು.

ಅಕ್ಕ ಫೋನ್ ಮಾಡಿದಳು. "ಏನೋ, ಮುಂದಿನ ತಿಂಗಳು ನಮ್ ಮಹಿಳಾ ಸಂಘದ ವಾರ್ಷಿಕೋತ್ಸವ. ನಾನು ಗಿಟಾರ್ ಬಾರಿಸ್ತೀನಿ ಅಂತ ಹೆಸರು ಕೊಟ್ಟಿದೀನಿ. ಇದಕ್ಕೊಂದು ದಾರಿ ಮಾಡು."

"ಮೈಕ್ ಸೆಟ್ಟಿನವರ ಪೆಟ್ಟಿಗೆಗೆ ಸಿಕ್ಕಿಸಿದ್ರೆ ಆಗಲ್ವೇನೇ?"

"ಅದರ ದನಿ ಬೇರೆ ಕಣೋ. ನನ್ ಕೈ ಇದರ ದನಿಗೇ ಹೊಂದ್ಕೊಂಡಿದೆ."

ನನಗೆ ಇದೊಂದು ಸಮಸ್ಯೆಯೆಂದೇ ಅನಿಸಲಿಲ್ಲ. ಶಿವಮೊಗ್ಗಕ್ಕೆ ಹೋದಾಗ ಅಂಗಡಿಯೊಂದರಲ್ಲಿ ಟ್ರಾವೆಲ್ ಅಡಾಪ್ಟರ್ ಎಂಬ ಬಿಳಿ ಡಬ್ಬಿ ಕಂಡಿತು. ಪೊಟ್ಟಣದ ಮೇಲೆ ಭೂಗೋಳದ ಚಿತ್ರವಿತ್ತು. ಎಲ್ಲ ದೇಶಗಳಿಗೂ ಆಗುತ್ತದೆ ಎಂದು ದಪ್ಪ ಅಕ್ಷರದಲ್ಲಿ ಬರೆದಿತ್ತು. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೇನೋ ಇತ್ತು. ಕನ್ನಡಕ ಜೇಬಿನಲ್ಲೇ ಇತ್ತು, ತೆಗೆಯಲಿಲ್ಲ.

ಭಾನುವಾರ ಸೊರಬಕ್ಕೆ ಹೋಗಿ, ಸಂಘದ ನಾಲ್ಕು ಹೆಂಗಸರ ಎದುರಿಗೆ, ಜಪಾನಿ ಪ್ಲಗ್ಗಿನ ಚಪ್ಪಟೆ ಕಾಲುಗಳನ್ನು ಆ ಡಬ್ಬಿಗೆ ಸಿಕ್ಕಿಸಿ, ವೋಲ್ಟೇಜ್ ಎಂದರೇನು ಎಂದು ಸಣ್ಣ ಉಪನ್ಯಾಸವನ್ನೂ ಕೊಟ್ಟು, ಸ್ವಿಚ್ ಹಾಕಿದೆ. ಆಂಪ್ಲಿಫೈಯರ್ ಹೊಟ್ಟೆಯೊಳಗಿಂದ ಗುಂಯ್ ಎಂದು ನರಳಿತು. ಆಮೇಲೆ ಪಟ್ ಎಂದಿತು. ಆಮೇಲೆ ಏನೂ ಅನ್ನಲಿಲ್ಲ.

ಆಗ ಕನ್ನಡಕ ಹಾಕಿಕೊಂಡು ಸಣ್ಣ ಅಕ್ಷರ ಓದಿದೆ. ಇದು ಪಿನ್ನಿನ ಆಕಾರವನ್ನು ಮಾತ್ರ ಬದಲಿಸುತ್ತದೆ, ವೋಲ್ಟೇಜನ್ನು ಬದಲಿಸುವುದಿಲ್ಲ ಎಂದಿತ್ತು. ಪಿನ್ನಿನ ಆಕಾರಕ್ಕೂ ವೋಲ್ಟೇಜಿಗೂ ಸಂಬಂಧವಿಲ್ಲವೆಂದು ನನಗೆ ಗೊತ್ತಿಲ್ಲವೆಂದಲ್ಲ. ಪರೀಕ್ಷೆಯಲ್ಲಿ ಯಾರಾದರೂ ಸಂಬಂಧವಿದೆ ಎಂದು ಬರೆದಿದ್ದರೆ ಸೊನ್ನೆ ಹಾಕುತ್ತಿದ್ದೆ. ಆದರೆ ಅಕ್ಕನ ಮುಖ ನೋಡಿ ನನ್ನ ಬಾಯಿಂದ ಬಂದದ್ದು, "ಒಳಗೇನೋ ಲೂಸ್ ಆಗಿದೆ ಕಣೇ, ನಮ್ಮ ಲ್ಯಾಬಲ್ಲಿ ನೋಡ್ತೀನಿ" ಎಂಬ ಸುಳ್ಳು. ಅಕ್ಕ ಅದನ್ನು ಹಳೆಯ ಸೀರೆಯಲ್ಲಿ ಸುತ್ತಿ ಕೊಟ್ಟಳು. ಸತ್ತ ಆಂಪ್ಲಿಫೈಯರನ್ನು ತೊಡೆಯ ಮೇಲಿಟ್ಟುಕೊಂಡು ಶಿಕಾರಿಪುರದ ಬಸ್ಸಿನಲ್ಲಿ ಕೂತೆ. ಆ ಮನೆಯಲ್ಲಿ ಹೊಸದಾಗಿ ಹುಟ್ಟಿದ್ದ ಒಂದು ಸದ್ದನ್ನು ನಾನೇ ನಿಲ್ಲಿಸಿಬಿಟ್ಟೆನಲ್ಲ ಎಂದು ದಾರಿಯುದ್ದಕ್ಕೂ ಅಂದುಕೊಂಡೆ.

ಒಂದು ವಾರ ಅದನ್ನು ನೋಡುವ ಧೈರ್ಯವಾಗಲಿಲ್ಲ. ಕೊನೆಗೆ ಹೆಂಡತಿಯೇ, "ಮೋಟಾರ್ ಹಾಲೇಶಪ್ಪನ ಹತ್ರ ಹೋಗಿ" ಎಂದಳು. ಹಾಲೇಶಪ್ಪ ಸುಟ್ಟುಹೋದ ಪಂಪ್‌ಸೆಟ್ ಮೋಟಾರುಗಳಿಗೆ ಹೊಸ ತಂತಿ ಸುತ್ತಿಕೊಡುವವರು. ಓದಿದ್ದು ಏಳನೇ ಕ್ಲಾಸು. ಆಂಪ್ಲಿಫೈಯರಿನ ಹಿಂಬದಿ ಬಿಚ್ಚಿ, ಒಂದು ಗಾಜಿನ ಕೊಳವೆಯನ್ನು ಬೆಳಕಿಗೆ ಹಿಡಿದರು.

"ಫ್ಯೂಸ್ ಹೋಗೇತ್ರಿ ಸರ. ಇದು ತಾನು ಸತ್ತು ಉಳಿದಿದ್ದನ್ನೆಲ್ಲ ಉಳಿಸೇತಿ."

ನನಗೆ ಹೋದ ಜೀವ ಬಂತು. "ಹಾಗಾದ್ರೆ ಅದರ ಜಾಗಕ್ಕೆ ಸ್ವಲ್ಪ ದಪ್ಪ ತಂತಿ ಹಾಕಿಬಿಟ್ರೆ?" ಎಂದೆ.

ಹಾಲೇಶಪ್ಪ ನನ್ನನ್ನೇ ನೋಡಿದರು. "ನೀವು ಕಾಲೇಜಿನಾಗೆ ಏನ್ ಪಾಠ ಮಾಡ್ತೀರಿ ಸರ?"

"ಹಿಸ್ಟರಿ" ಎಂದೆ.

ಆದರೆ ಸುಮ್ಮನಿರಲು ಆಗಬೇಕಲ್ಲ. ಇನ್ನೂರ ಮೂವತ್ತನ್ನು ನೂರಕ್ಕೆ ಇಳಿಸುವ ಪೆಟ್ಟಿಗೆ ಮಾಡಿಕೊಡುತ್ತೇನೆ ಎಂದು ಅವರು ಅಂದ ಕೂಡಲೇ ಕಾಗದ ತೆಗೆದು ಲೆಕ್ಕ ಬರೆದೆ. "ಈ ಕಡೆ ಇಪ್ಪತ್ತಮೂರು ಸುತ್ತು, ಆ ಕಡೆ ಹತ್ತು ಸುತ್ತು. ಅದೇ ಅನುಪಾತ."

"ಹಂಗಾರೆ ಬರೀ ಇಪ್ಪತ್ತಮೂರು ಸುತ್ತು ಸುತ್ತಿ ಕರೆಂಟ್ ಕೊಡ್ಲೇನ್ರಿ? ತಂತಿ ಸುಟ್ಟು ಹೋಗ್ತೇತಿ."

ಇಪ್ಪತ್ತೆರಡು ವರ್ಷದಲ್ಲಿ ಒಬ್ಬ ವಿದ್ಯಾರ್ಥಿಯೂ ಇದನ್ನು ಕೇಳಿರಲಿಲ್ಲ. ಅನುಪಾತ ಸರಿ, ಆದರೆ ನಿಜಕ್ಕೂ ಎಷ್ಟು ಸುತ್ತು? ನನ್ನ ಚಿತ್ರದಲ್ಲಿ ಎಡಕ್ಕೆ ಎಂಟು, ಬಲಕ್ಕೆ ನಾಲ್ಕು ಇರುತ್ತಿದ್ದವು, ಬೋರ್ಡಿನಲ್ಲಿ ಅಷ್ಟೇ ಜಾಗ. ಹಾಲೇಶಪ್ಪ ಕಬ್ಬಿಣದ ತಗಡುಗಳ ಕಟ್ಟನ್ನು ಅಳೆದು, "ಈ ದಪ್ಪಕ್ಕೆ ವೋಲ್ಟಿಗೆ ಐದು ಸುತ್ತು. ಈ ಕಡೆ ಸಾವಿರದ ನೂರೈವತ್ತು, ಆ ಕಡೆ ಐನೂರು" ಎಂದರು. ಆಮೇಲೆ ಮೆಲ್ಲಗೆ, "ನೀವು ಫಿಸಿಕ್ಸ್ ಅಲ್ರಿ? ನನ್ ಮಗಳು ನಿಮ್ ಕ್ಲಾಸಿನಾಗೇ ಅದಾಳ್ರಿ" ಎಂದರು. ಆ ಮಾತಿನಲ್ಲಿ ಕುಹಕ ಒಂಚೂರೂ ಇರಲಿಲ್ಲ. ಇದ್ದಿದ್ದರೆ ಚೆನ್ನಾಗಿರುತ್ತಿತ್ತು.

ಅವರ ಸುತ್ತುವ ಮಷಿನ್ನಿನ ಎಣಿಕೆ ಮುಳ್ಳು ಕೆಟ್ಟಿತ್ತು. ಪ್ರಾಯಶ್ಚಿತ್ತವೆಂಬಂತೆ ನಾನೇ ಎಣಿಸುತ್ತೇನೆಂದೆ. ಅವರು ಹಿಡಿ ತಿರುಗಿಸುತ್ತಿದ್ದರು, ನಾನು ಗಟ್ಟಿಯಾಗಿ ಎಣಿಸುತ್ತಿದ್ದೆ. ಆಗ ನಮ್ಮ ಪ್ರಾಂಶುಪಾಲರ ಫೋನ್ ಬಂತು. ಎತ್ತಿಕೊಂಡು, "ಏಳುನೂರ ನಲವತ್ತೊಂದು" ಎಂದೆ. ಅವರು ರಾಂಗ್ ನಂಬರೆಂದು ಇಟ್ಟುಬಿಟ್ಟರು. ಅಷ್ಟರಲ್ಲಿ ಎಣಿಕೆ ತಪ್ಪಿತ್ತು. "ಮೊದ್ಲಿಂದ ಸುತ್ತೋಣ ಬಿಡ್ರಿ" ಎಂದು ಹಾಲೇಶಪ್ಪ ಬೇಸರವಿಲ್ಲದೆ ತಂತಿ ಬಿಚ್ಚಿದರು. ಮಾರನೆಯ ದಿನ ಮೀಟರ್ ಹಚ್ಚಿದಾಗ ನೂರರ ಮೇಲೆ ಒಂದು ತೋರಿಸಿತು. ಹೊಸ ಫ್ಯೂಸ್ ಹಾಕಿ ಸ್ವಿಚ್ ಒತ್ತಿದಾಗ ಆಂಪ್ಲಿಫೈಯರಿನ ಕೆಂಪು ದೀಪ ಹತ್ತಿತು. ನನ್ನ ಕಣ್ಣಲ್ಲಿ ನೀರು ಬಂದದ್ದು ಸುತ್ತಿದ ತಂತಿಗೆ ಬಳಿದ ವಾರ್ನಿಷ್ ವಾಸನೆಗೆ ಎಂದು ಹೇಳಿದೆ.

ಪೆಟ್ಟಿಗೆ ಒಪ್ಪಿಸುವಾಗ ಅಕ್ಕನಿಗೆ ನಿಜ ಹೇಳಿಬಿಟ್ಟೆ. ಅವಳು ಬಟ್ಟೆಯ ಅಂಚು ಮಡಚುತ್ತಲೇ, "ಗೊತ್ತಿತ್ತು ಕಣೋ. ಸುಟ್ಟ ವಾಸನೆ ನನ್ ಮೂಗಿಗೆ ಬರ್ಲಿಲ್ವಾ?" ಎಂದಳು.

"ಮತ್ತೆ ಅವತ್ತೇ ಯಾಕೆ ಬೈಲಿಲ್ಲ?"

"ನಾಲ್ಕು ಜನರ ಎದುರಿಗೆ ಬೈದಿದ್ರೆ ನೀನು ವರ್ಷ ಈ ಕಡೆ ತಲೆ ಹಾಕ್ತಿರ್ಲಿಲ್ಲ. ಆಂಪ್ಲಿಫೈಯರ್ ಇನ್ನೊಂದು ಸಿಗುತ್ತೆ."

ವಾರ್ಷಿಕೋತ್ಸವದ ದಿನ ಹಾಲೇಶಪ್ಪನವರೂ ಸೊರಬಕ್ಕೆ ಬಂದರು. ಹೊಸ ಪೆಟ್ಟಿಗೆ ಬಿಸಿಯಾಗುತ್ತದೋ ಏನೋ ನೋಡಬೇಕಂತೆ. ನನ್ನ ಪಕ್ಕದಲ್ಲೇ ಕೂತರು. ಅಕ್ಕ ನೀಲಿ ಇಳಕಲ್ ಸೀರೆ ಉಟ್ಟು, ಗಿಟಾರಿನ ಪಟ್ಟಿಯನ್ನು ಸೆರಗಿನ ಮೇಲೆ ಹಾಕಿಕೊಂಡು ಬಂದಾಗ ಹಿಂದಿನ ಸಾಲಿನಲ್ಲಿ ಕೆಲವರು ನಕ್ಕರು. ಅವಳು ಬಾರಿಸತೊಡಗಿದ ಮೇಲೆ ಯಾರೂ ನಗಲಿಲ್ಲ. ಭಾವ ಬದುಕಿದ್ದಾಗ ಗುನುಗುತ್ತಿದ್ದ ಒಂದು ಭಜನೆ ಅದು. ನಡುವೆ ಒಂದು ಕಡೆ ತಪ್ಪಿದಳು, ನಿಂತಳು, ಮತ್ತೆ ಅಲ್ಲಿಂದಲೇ ಹಿಡಿದಳು.

ಮುಗಿದ ಮೇಲೆ ನಿರೂಪಕಿ, "ಈ ವಿದೇಶಿ ಯಂತ್ರವನ್ನು ನಮ್ಮ ಕರೆಂಟಿಗೆ ಹೊಂದಿಸಿಕೊಟ್ಟ ಗಿರಿಜಕ್ಕನವರ ತಮ್ಮ, ಭೌತಶಾಸ್ತ್ರ ಉಪನ್ಯಾಸಕರಿಗೆ ವಂದನೆಗಳು" ಎಂದಳು. ನಾನಲ್ಲ ಎಂದು ಹೇಳಬೇಕೆಂದೇ ಎದ್ದೆ. ಆದರೆ ಎದ್ದ ಮೇಲೆ ಕೈಗಳು ತಾವಾಗಿಯೇ ಮುಗಿದವು. ಅಷ್ಟರಲ್ಲಿ ಅಕ್ಕ ಮೈಕಿಗೆ ಬಗ್ಗಿ, "ಅವನಲ್ಲ, ಅವನ ಪಕ್ಕ ಕೂತೋರು. ಹಾಲೇಶಪ್ಪೋರು" ಎಂದಳು. ಎದ್ದು ನಿಂತವನು ಈಗ ಯಾವ ಮುಖ ಹೊತ್ತು ಕೂರಲಿ? ಬೇರೆ ದಾರಿ ಕಾಣದೆ ಹಾಲೇಶಪ್ಪನವರ ಕಡೆ ತಿರುಗಿ ಚಪ್ಪಾಳೆ ತಟ್ಟತೊಡಗಿದೆ. ಮೇಷ್ಟ್ರೇ ಎದ್ದು ನಿಂತು ಗೌರವ ಕೊಡುತ್ತಿದ್ದಾರೆಂದು ತಿಳಿದು ಮುಂದಿನ ಸಾಲು ಎದ್ದಿತು. ಅದನ್ನು ನೋಡಿ ಸಭೆಯೇ ಎದ್ದು ನಿಂತಿತು. ಹಾಲೇಶಪ್ಪ ನಾಚಿಕೆಯಿಂದ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡರು. ಈ ಆಂಪ್ಲಿಫೈಯರಿನ ವಿಷಯದಲ್ಲಿ ನನ್ನಿಂದ ಆದ ಒಳ್ಳೆಯ ಕೆಲಸ ಅದೊಂದೇ. ಅದನ್ನೂ ನಾನು ಬೇಕೆಂದು ಮಾಡಲಿಲ್ಲ.