ಮಾವನ ಮೂರು ಸುರಂಗಗಳು

ನಮ್ಮ ಸೋದರಮಾವನನ್ನು ಊಟಕ್ಕೆ ಕರೆದವರು ಎರಡು ರೊಟ್ಟಿ ಹೆಚ್ಚಿಗೆ ಬಡಿಸಬೇಕು. ತಿನ್ನಲಿಕ್ಕಲ್ಲ, ಪಾಠ ಮಾಡಲಿಕ್ಕೆ! ಚಿಕ್ಕೋಡಿಯ ಕಾಲೇಜೊಂದರಲ್ಲಿ ಕಂಪ್ಯೂಟರ್ ವಿಭಾಗ ನೋಡಿಕೊಂಡು ನಿವೃತ್ತರಾದವರು. ಇಂಟರ್‌ನೆಟ್ಟಿನ ಹಳೆಯ ವಿಳಾಸಗಳು ಮುಗಿದುಹೋಗಿವೆ, ಜಗತ್ತು ಹೊಸ ವಿಳಾಸಕ್ಕೆ, ಅಂದರೆ ಐಪಿ ವಿ ಸಿಕ್ಸ್‌ಗೆ ದಾಟುವುದು ಹೇಗೆ? ಈಗ ಅವರಿಗೆ ಇದೊಂದೇ ಚಿಂತೆ. ಜಗತ್ತೇನೋ ಆರಾಮಾಗಿಯೇ ಇತ್ತು!

ಬೋರಗಾಂವದ ಒಂದು ನಿಶ್ಚಿತಾರ್ಥದ ಪಂಕ್ತಿಯಲ್ಲಿ ಶೇಂಗಾ ಹೋಳಿಗೆಯನ್ನು ರೊಟ್ಟಿಯಲ್ಲಿ ಸುತ್ತಿ ಎತ್ತಿ ತೋರಿಸಿದರು.

“ರೊಟ್ಟಿ ಅಂದ್ರ ಹಳೇ ವಿಳಾಸ, ಹೋಳಿಗಿ ಅಂದ್ರ ಹೊಸಾದು. ಹಳೇ ರಸ್ತಾ ರೊಟ್ಟಿ ಅಷ್ಟ ಗುರ್ತು ಹಿಡಿತೈತ್ರಿ. ಹೋಳಿಗಿ ಒಳಗ ಬಿಡೂದಿಲ್ಲ. ಅದಕ್ಕ ಹಿಂಗ ಸುತ್ತಿ ಕಳಸೂದು, ಆ ಕಡಿ ಬಿಚ್ಚೂದು. ಇದಕ್ಕ ಸುರಂಗ ಅಂತಾರ.”

ಪಕ್ಕದ ಹಿರಿಯರು ಗಂಭೀರವಾಗಿ ಕೇಳಿದರು: “ಹಂಗಾದ್ರ ತುಪ್ಪ ಯಾವುದರ ಮ್ಯಾಲ ಹಾಕೂದ್ರಿ?”

ಮಾವ ಸುತ್ತಿದ ರೊಟ್ಟಿ ಬಿಚ್ಚಿ, ಹೋಳಿಗೆಯನ್ನಷ್ಟೇ ತುಪ್ಪಕ್ಕೆ ಮುಂದೆ ಹಿಡಿದರು.

ಆಮೇಲೆ ಮೂರು ಬಗೆಯ ಸುರಂಗಗಳನ್ನು ಮನೆಯ ಕಂಪ್ಯೂಟರಿನಲ್ಲೇ ಕಟ್ಟಿ ಹೋಲಿಸತೊಡಗಿದರು. ಮೊದಲನೆಯದು ತಾನಾಗಿಯೇ ದಾರಿ ಹುಡುಕಿಕೊಳ್ಳುವಂಥದ್ದು. “ಸಿಕ್ಕವರ ಗಾಡಿ ಹತ್ತಿದಂಗ. ಅಥಣಿಗಿ ಹೋಗಂದ್ರ ಸಾಂಗ್ಲಿ ತೋರಿಸ್ಕೊಂಡ ಬರ್ತಾನ!” ಎರಡನೆಯದು, ಒಂದೇ ವಿಳಾಸ ಹಂಚಿಕೊಂಡ ಹತ್ತು ಮನೆಗಳ ಗದ್ದಲದಿಂದಲೂ ತೂರಿ ಬರುವಂಥದ್ದು. “ಬರ್ತೈತಿ, ಖರೆ ತೇಕಾಡ್ಕೋತ ಬರ್ತೈತಿ.” ಮೂರನೆಯದಕ್ಕೆ ಎರಡೂ ತುದಿಗಳನ್ನು ಕೈಯಾರೆ ಜೋಡಿಸಬೇಕು. “ಇದು ಬೀಗತನ ಇದ್ದಂಗ. ಎರಡೂ ಮನಿಯವರು ಒಪ್ಪಬೇಕು. ಕೂಡಿತಂದ್ರ ಗಟ್ಟಿ!”

ಅತ್ತೆ ನನ್ನ ಮುಂದೆ ಗೋಳಾಡಿದರು: “ಮೂರು ಸುರಂಗ ಕೊರದಾರ ನೋಡಪಾ ನಿಮ್ಮ ಮಾವಾರು. ಬಚ್ಚಲ ಮೋರಿ ಕಟ್ಕೊಂಡ ಎಂಟು ದಿನ ಆತು, ಅದನ್ನ ಕೊರಿಯಾಕ ಆಗವಲ್ದು!”

ನಾನು ನಕ್ಕೆ. ಅತ್ತೆ ನಗಲಿಲ್ಲ. ದನಿ ತಗ್ಗಿಸಿ, ನಮಗಾರಿಗೂ ಗೊತ್ತಿಲ್ಲದ ಒಂದು ಮಾತು ಹೇಳಿದರು.

ಐಗಳಿಯಲ್ಲಿ ನನ್ನ ದೊಡ್ಡವ್ವ, ಅಂದರೆ ಮಾವನ ಅಕ್ಕ, ಇದ್ದಾರೆ. ಹುಟ್ಟಿನಿಂದ ಕಿವಿ ಕೇಳದು, ಮಾತು ಬಾರದು. ಅಕ್ಕ-ತಮ್ಮ ಚಿಕ್ಕಂದಿನಲ್ಲೇ ಕೈಯಲ್ಲೊಂದು ಭಾಷೆ ಕಟ್ಟಿಕೊಂಡಿದ್ದರು. ಆರು ತಿಂಗಳ ಹಿಂದೆ ಫೋನಿನ ವಿಡಿಯೋದಲ್ಲಿ ದೊಡ್ಡವ್ವ ಎದೆಯ ಮೇಲೆ ಕೈಯಿಟ್ಟರಂತೆ. ಒಂದೇ ವಿಳಾಸ ಹಂಚಿಕೊಂಡ ಆ ಓಣಿಯ ಮನೆಗಳ ಗದ್ದಲದಲ್ಲಿ ಅಷ್ಟಕ್ಕೇ ಚಿತ್ರ ನಿಂತುಬಿಟ್ಟಿತು. ಅವರ ಭಾಷೆಯಲ್ಲಿ ಅದಕ್ಕೆ ‘ನಿನ್ನ ನೆನಪಾಗುತ್ತಿದೆ’ ಎಂದರ್ಥ. ಮಾವ ಖುಷಿಯಾಗಿ ಮಲಗಿದರು. ಚಿತ್ರಕ್ಕೆ ಸಿಗದ ಮುಂದಿನ ಸನ್ನೆ ಮುಷ್ಟಿ ಹಿಂಡಿದ್ದು: ಎದೆ ನೋಯುತ್ತಿದೆ! ಅವರನ್ನು ಆಸ್ಪತ್ರೆಗೆ ಸೇರಿಸಿದ ಸುದ್ದಿ ಮರುದಿನ ಬಂತು. ದೊಡ್ಡವ್ವ ಉಳಿದರು. ಮಾವ ಮಾತ್ರ ಅಂದಿನಿಂದ ಸುರಂಗ ಹಿಡಿದು ಕೂತರು.

ಐಗಳಿಯಲ್ಲಿ ಇಂಟರ್‌ನೆಟ್ ಕೊಡುವ ಕೇಬಲ್‌ನವನನ್ನು ಕಾಡಿ ಬೇಡಿ ಅಕ್ಕನ ಮನೆಗೆ ಪ್ರತ್ಯೇಕ ವಿಳಾಸ ಪಡೆದರು. ಮೂರನೆಯ ಬಗೆಯ ಸುರಂಗವನ್ನೇ ಕಟ್ಟಿದರು. ಅದು ಕೂಡಿದ ದಿನ ನಾನೂ ಅಲ್ಲಿದ್ದೆ. ದೊಡ್ಡವ್ವನ ಬೆರಳುಗಳು ಒಂದೂ ತಡೆಯಿಲ್ಲದೆ ಪರದೆಯ ಮೇಲೆ ಆಡತೊಡಗಿದವು. ಆರು ತಿಂಗಳಿಂದ ಹೇಳದೆ ಉಳಿದಿದ್ದೆಲ್ಲ ಇತ್ತೇನೋ, ನಿಲ್ಲಿಸಲೇ ಇಲ್ಲ. ಮಾವ ಕಣ್ಣು ಮಿಟುಕಿಸದೆ ನೋಡುತ್ತ ಕೂತಿದ್ದರು.

ಅತ್ತೆ ಚಹಾ ತಂದರು. ಇಬ್ಬರನ್ನೂ ನೋಡಿದರು. ಕಪ್ಪನ್ನು ಮೆಲ್ಲಗೆ ಪಕ್ಕದಲ್ಲಿಟ್ಟು, ನನ್ನನ್ನೂ ಹೊರಗೆ ಕರೆದು, ಸದ್ದಾಗದ ಹಾಗೆ ಬಾಗಿಲು ಮುಂದೆ ಮಾಡಿದರು.