ಉಸಿರು ಹಿಡಿದ ಮ್ಯಾನಿಕಿನ್

ಕೆಲವರಿಗೆ ದೇವರು ರೂಪ ಕೊಡುತ್ತಾನೆ, ಕೆಲವರಿಗೆ ಕಂಠ. ನನಗೆ ಕೊಟ್ಟದ್ದು ಅಳತೆ. ನನ್ನ ಎತ್ತರ, ಭುಜ, ತೋಳು ನಮ್ಮ ಬಳಗದ ಅರ್ಧ ಗಂಡಸರಿಗೆ ಸರಿಹೊಂದುತ್ತವೆ. ಇದು ಪತ್ತೆಯಾದದ್ದು ದೊಡ್ಡ ಭಾವಮೈದುನನ ಮದುವೆಯಲ್ಲಿ. ಅಸ್ಸಾಮಿನಲ್ಲಿ ನೌಕರಿಗಿದ್ದ ವರಮಹಾಶಯ ಬರುವುದು ಮದುವೆಯ ಹಿಂದಿನ ದಿನ. ಈಗಿನ ಹುಡುಗರಿಗೋ ಟೆರಿವುಲ್ ಸೂಟೇ ಆಗಬೇಕು. "ಅಳತೆಗೆ ನೀವಿದೀರಲ್ಲ ರೀ" ಎಂದಳು ನನ್ನಾಕೆ. ಅಂದಿನಿಂದ ದೂರದ ಯಾವ ವರನಿಗೆ ಸೂಟಾಗಬೇಕಾದರೂ ನನ್ನ ಭಾನುವಾರ ಹಾಳು. ವಾರವೆಲ್ಲ ಕಾರ್ಖಾನೆಯಲ್ಲಿ ಗುಮಾಸ್ತಿಕೆ ಮಾಡಿ ದಣಿದವನು, ಕೃಷ್ಣರಾಜಪುರದಿಂದ ಬಸ್ಸಿನಲ್ಲಿ ಜೋತಾಡಿಕೊಂಡು ಶಿವಾಜಿನಗರಕ್ಕೆ ಹೋಗಿ ದರ್ಜಿ ಕರೀಂ ಸಾಹೇಬರ ಮುಂದೆ ಕೈ ಅಗಲಿಸಿ ನಿಲ್ಲಬೇಕು. ಸಾಕಪ್ಪಾ ಸಾಕು! ಅದರಲ್ಲೂ ಕಷ್ಟದ್ದೆಂದರೆ ಹೊಟ್ಟೆ. ವರಗಳಿಗೆ ಅದಿರುವುದಿಲ್ಲ, ನನಗಿದೆ.

"ಪೇಟ್ ಅಂದರ್ ಸಾಬ್, ಇನ್ನೂ ಒಳಗೆ ಎಳ್ಕೊಳ್ಳಿ" ಎನ್ನುತ್ತಾರೆ ಸಾಹೇಬರು. ನಾನು ಉಸಿರು ಹಿಡಿದೊಡನೆ, "ಶಾಬಾಶ್! ನೀವು ನಮ್ದು ಮ್ಯಾನಿಕಿನ್!"

ಅಂಗಡಿಯ ಗಾಜಿನ ಹಿಂದೆ ಸೂಟು ತೊಟ್ಟು ನಿಂತಿರುತ್ತದಲ್ಲ, ಆ ಗೊಂಬೆಯ ಹೆಸರು ಅದು. ಹೊಗಳಿದರೋ ಬೈದರೋ ತಿಳಿಯದೆ ಕಾರ್ಖಾನೆಯ ಲೈಬ್ರರಿಯಲ್ಲಿ ನಿಘಂಟು ತೆಗೆದೆ. ಮೂಲ ಡಚ್ಚರ ಮಾತಂತೆ, ಫ್ರೆಂಚರ ಕೈದಾಟಿ ಇಂಗ್ಲಿಷಿಗೆ ಬಂದದ್ದು. ಅರ್ಥ ಪುಟ್ಟ ಮನುಷ್ಯ. ಹಿಂದೆ ಚಿತ್ರಕಾರರು, ದೊಡ್ಡವರಿಗೆ ಕೂರಲು ಪುರಸೊತ್ತಿಲ್ಲದಿದ್ದರೆ, ಅವರ ಬಟ್ಟೆಯನ್ನು ಮರದ ಗೊಂಬೆಗೆ ತೊಡಿಸಿ ಚಿತ್ರ ಬರೆಯುತ್ತಿದ್ದರಂತೆ. ಮನೆಗೆ ಬಂದು ಹೇಳಿದರೆ ನನ್ನಾಕೆ ಸೊಪ್ಪು ಬಿಡಿಸುತ್ತಲೇ, "ಪುಟ್ಟ ಮನುಷ್ಯ ಅಂತ ತಿಳ್ಕೊಳ್ಳೋಕೆ ಲೈಬ್ರರಿಗೆ ಹೋಗ್ಬೇಕಿತ್ತಾ?" ಎಂದಳು.

ನನಗೆ ರೇಗಿತು. ಇಷ್ಟು ಜನರ ಸೂಟಿಗೆ ನಿಂತ ನನಗೆ ಸ್ವಂತದ್ದೊಂದು ಸೂಟಿಲ್ಲ. ನನ್ನ ಮದುವೆಯಲ್ಲಿ ತೊಟ್ಟದ್ದು ಅಣ್ಣನ ಕೋಟು. ಫೋಟೋದಲ್ಲಿ ತೋಳು ಬೆರಳನ್ನೆಲ್ಲ ನುಂಗಿಬಿಟ್ಟಿದೆ. ಸಾಯುವುದರೊಳಗೆ ನನ್ನದೇ ಅಳತೆಯದೊಂದನ್ನು ತೊಡಬೇಕೆಂಬ ಆಸೆ ನಿಜಕ್ಕೂ ನನ್ನನ್ನು ಕಾಡುತ್ತಿತ್ತು. ಒಂದು ಭಾನುವಾರ ಬೂದುಬಣ್ಣದ ಟೆರಿವುಲ್ಲಿನ ಕಡೆಯ ತುಂಡು ಕೊಂಡು ನೇರ ಸಾಹೇಬರಲ್ಲಿಗೆ ಹೋದೆ.

"ಯಾರ್ದು ಶಾದಿ ಸಾಬ್?"

"ಯಾರ್ದೂ ಅಲ್ಲ. ಸೂಟು ನನಗೇ."

ಅಭ್ಯಾಸಬಲದಿಂದ ಹೊಟ್ಟೆ ಒಳಗೆಳೆದು ನಿಂತೆ. ಸಾಹೇಬರು ಟೇಪು ಕೆಳಗಿಳಿಸಿ, "ಹಂಗಾದ್ರೆ ಉಸಿರು ಬಿಡಿ ಸಾಬ್" ಎಂದರು. ಆ ಮಾತಿಗೆ ಕಣ್ಣು ತುಂಬಿ ಬಂತು. ಆರಾಮವಾಗಿ, ಪೂರ್ತಿ ಬಿಟ್ಟೆ. ಅವರು ಟೇಪು ಸುತ್ತಿದರು, ಬಟ್ಟೆ ಹರಡಿ ನೋಡಿದರು, ಮತ್ತೊಮ್ಮೆ ಸುತ್ತಿದರು. "ಸಾಲಲ್ಲ ಸಾಬ್."

ಬಟ್ಟೆಯೇನೂ ವ್ಯರ್ಥವಾಗಲಿಲ್ಲ. ಚಿಕ್ಕ ಭಾವಮೈದುನನಿಗೆ ಮದುವೆ ಗೊತ್ತಾಗಿದೆ, ಅವನೂ ಅಸ್ಸಾಮಿನಲ್ಲಿದ್ದಾನೆ. ಹೋದ ಭಾನುವಾರ ಶಿವಾಜಿನಗರಕ್ಕೆ ಹೋಗಿ ಉಸಿರು ಹಿಡಿದು ನಿಂತು ಬಂದೆ. ಅವನಿಗೆ ಸಾಕಾಗಿ ಇನ್ನೂ ಮಿಕ್ಕುತ್ತದಂತೆ.