ಬಿಸಿಲಿಗಿಟ್ಟ ಮೀನು ಸಾರು

ನನ್ನ ಗಂಡ ಯಶೋಧರ ನನ್ನ ಅಡುಗೆಯನ್ನು ಎಂದೂ ಹೊಗಳಿದವರಲ್ಲ. ಬೈದವರೂ ಅಲ್ಲ, ಆ ಮಾತು ಬೇರೆ. ತಟ್ಟೆಯ ಮುಂದೆ ಕೂತು, ತಿಂದು, ಎದ್ದು, ಕೈ ತೊಳೆದು, "ಆಯ್ತು" ಎನ್ನುತ್ತಾರೆ. ಕುವೈತಿನ ಶುಐಬಾದ ಕಾರ್ಖಾನೆಯಲ್ಲಿ ಅವರದು ಸೇಫ್ಟಿ ವಿಭಾಗ. ಅಲ್ಲಿ ಏನೂ ಆಗದಿದ್ದರೆ ಅದೇ ದೊಡ್ಡ ಸಾಧನೆಯಂತೆ. ಊಟವನ್ನೂ ಹಾಗೆಯೇ ನೋಡುತ್ತಾರೆ: ಅನಾಹುತ ಆಗಲಿಲ್ಲವಲ್ಲ, ಅಷ್ಟು ಸಾಕು. ಮಗಳು ನವ್ಯಶ್ರೀ ಕಾಲೇಜಿಗೆಂದು ಊರಿಗೆ ಹೋದ ಮೇಲೆ, ಸುಗಂಧಿ ಎಂಬ ಈ ಬಡಪಾಯಿ ಫಹಾಹೀಲಿನ ಫ್ಲಾಟಿನಲ್ಲಿ ಸೌಟು ಹಿಡಿದು, ತಿಂದು 'ಆಹಾ' ಎನ್ನುವ ಒಂದೇ ಒಂದು ಬಾಯಿಗಾಗಿ ಕಾಯುತ್ತಾ ಕೂತಿದ್ದಳು.

ನವ್ಯಳ ಕೋಣೆಯನ್ನು ಬಾಡಿಗೆಗೆ ಕೊಡುವ ದಿವ್ಯ ಯೋಚನೆ ನನ್ನದೇ. ಮೊದಲು ಬಂದ ಅಪೊಲೋನಿಯಾ, ಬಟ್ಟೆಯೆಲ್ಲ ಬಿಗಿಯಾಯಿತೆಂದು ಕಣ್ಣೀರು ಹಾಕಿ ಅಬ್ಬಾಸಿಯಾಕ್ಕೆ ಹೋದಳು. ಆಮೇಲೆ ಬಂದ ಫರ್ಝಾನಾ ಡಯಟ್ ಮಾಡುತ್ತೇನೆಂದಳು. ಅವಲಕ್ಕಿಯ ಅಡಿಯಲ್ಲಿ ನಾನು ಬಚ್ಚಿಟ್ಟಿದ್ದ ಮೊಟ್ಟೆಯನ್ನು ಕಂಡುಹಿಡಿದು, ಒಂದು ಮಾತೂ ಆಡದೆ ಕೋಣೆ ಖಾಲಿ ಮಾಡಿದಳು. (ಮೊಟ್ಟೆ ಮೈಗೆ ಒಳ್ಳೆಯದು. ಈಗಲೂ ಹೇಳುತ್ತೇನೆ.)

"ಮೂರನೆಯವಳೂ ಓಡ್ತಾಳೆ ನೋಡು," ಎಂದರು ಇವರು. "ನಿನ್ನ ಉಪಚಾರ ತಡ್ಕೊಳ್ಳುವ ಶಕ್ತಿ ಯಾರಿಗೂ ಇಲ್ಲ."

"ಈ ಸಲ ಬಂದವಳು ವರ್ಷ ಪೂರ್ತಿ ಇಲ್ಲೇ ಇರ್ತಾಳೆ. ಇರದಿದ್ರೆ ನನ್ನ ಹೆಸರು ಸುಗಂಧಿ ಅಲ್ಲ."

"ಹೊಸ ಹೆಸರು ಎಂತ ಇಡುವ, ಈಗಲೇ ಹೇಳು," ಎಂದು ಅವರು ಪೇಪರಿನ ಹಿಂದೆ ಅಡಗಿಕೊಂಡರು.

ಹಾಗೆ ಬಂದವಳು ಯಾಯೆಲ್. ಹುಬ್ಬಳ್ಳಿಯ ರೈಲ್ವೆ ಕ್ವಾರ್ಟರ್ಸಿನಲ್ಲಿ ಬೆಳೆದ ಹುಡುಗಿ. ಅವರದು ಕೊಂಕಣ ಕರಾವಳಿಯ ಯಹೂದಿ ಮನೆತನ. ಮುತ್ತಜ್ಜ ರೈಲ್ವೆ ಕೆಲಸಕ್ಕೆಂದು ಹುಬ್ಬಳ್ಳಿಗೆ ಬಂದವರು ಅಲ್ಲಿಯೇ ನಿಂತರಂತೆ. ಇಲ್ಲಿನ ಒಂದು ಕ್ಲಿನಿಕ್ಕಿನ ಲ್ಯಾಬಿನಲ್ಲಿ ಅವಳಿಗೆ ಒಂದು ವರ್ಷದ ಕೆಲಸ. ಹುಡುಗಿ ತೀರಾ ತೆಳ್ಳಗಿದ್ದಳು. ನೋಡಿದ ಕೂಡಲೇ ನನ್ನ ಕೈ ತುರಿಸತೊಡಗಿತು.

"ಆಂಟಿ, ಮೊದಲ ಹೇಳಿಬಿಡ್ತೀನ್ರಿ," ಎಂದಳು, ಇನ್ನೂ ಸೂಟ್‌ಕೇಸು ಕೆಳಗಿಡದೆ. "ನಾವು ಯಹೂದಿ ಮಂದಿ. ಸಿಗಡಿ, ಏಡಿ ತಿನ್ನಂಗಿಲ್ಲ. ಶುಕ್ರವಾರ ಹೊತ್ತು ಮುಳುಗಿದ್ರ ನಮಗ ಶಬ್ಬಾತ್, ದೇವರ ದಿನ. ಶನಿವಾರ ಸಂಜಿ ಚಿಕ್ಕಿ ಮೂಡೋತನಕ ಒಲಿ ಹಚ್ಚಂಗಿಲ್ಲ, ಅಡಗಿ ಮಾಡಂಗಿಲ್ಲ. ಶುಕ್ರವಾರನ ಮಾಡಿ ಇಟ್ಕೋತೀನಿ. ಅದೊಂದು ಊಟಕ್ಕ ನೀವು ಕೈ ಹಚ್ಚಬ್ಯಾಡ್ರಿ."

"ಅಷ್ಟು ಕಷ್ಟ ಯಾಕೆ ಮಗಾ? ನಾನಿಲ್ಲವಾ?"

"ಅದಕ್ಕ ಹೇಳಾಕತ್ತೀನ್ರಿ. ಮನ್ಯಾಗ ಇದನ್ನೆಲ್ಲ ಮಮ್ಮಿ ನೋಡ್ಕೋತಿದ್ಲು, ನಾ ಬರೇ ಉಣ್ಣಾಕಿ. ಒಂದು ವರ್ಷ ನನ್ನ ಶಬ್ಬಾತ್ ನಾನ ನಡಸ್ತೀನಿ ಅಂತ ಜಿದ್ದು ಹಿಡಿದು ಬಂದೀನಿ. ನಿನ್ನ ಕಡೆ ಆಗಲಿಲ್ಲ ಅಂದ್ರ ಸುಮ್ನ ವಾಪಸ್ ಬಾ ಅಂದಾಳ."

ಜಿದ್ದಿನ ಹುಡುಗಿ ನನಗೆ ಹಿಡಿಸಿದಳು. ಶನಿವಾರದ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಯೂ ಇರಲಿಲ್ಲ. ಮದುವೆಗೆ ಮುಂಚಿನಿಂದಲೂ ನಾನು ಶನಿವಾರ ಮೀನನ್ನು ನಾಲಗೆಗೆ ಸೋಕಿಸಿದವಳಲ್ಲ. ನಾನು ತಿನ್ನದ ದಿನ ಮನೆಯಲ್ಲಿ ಮೀನೇ ಇಲ್ಲ; ಇವರಿಗೂ ತಿಳಿಸಾರು, ಹಪ್ಪಳ.

ಮೊದಲ ಶುಕ್ರವಾರ ಯಾಯೆಲ್ ಡ್ಯೂಟಿ ಮುಗಿಸಿ, ಫಹಾಹೀಲ್ ಮಾರ್ಕೆಟಿನಿಂದ ಝುಬೈದಿ ತಂದಳು. ಝುಬೈದಿ ಎಂದರೆ ನಮ್ಮ ಕರಾವಳಿಯ ಮಾಂಜಿ, ಪಾಂಫ್ರೆಟ್ ಮೀನೇ; ಇಲ್ಲಿ ಅರಬ್ಬಿ ಹೆಸರಿಟ್ಟುಕೊಂಡು ಮೆರೆಯುತ್ತದೆ. ತೆಂಗಿನ ಹಾಲು, ಹಸಿಮೆಣಸು, ಕೊತ್ತಂಬರಿ ಹಾಕಿ ಸಾರು ಮಾಡಿದಳು. ಹೊತ್ತು ಮುಳುಗುವ ಮುಂಚೆ ಎರಡು ಮೇಣದ ಬತ್ತಿ ಹಚ್ಚಿ, ಕಣ್ಣು ಮುಚ್ಚಿಕೊಂಡು ಪ್ರಾರ್ಥನೆ ಮಾಡಿದಳು. ಪಕ್ಕದಲ್ಲಿ ನನ್ನ ದೇವರ ದೀಪವೂ ಉರಿಯುತ್ತಿತ್ತು. ನೋಡಿ ನನಗೆ ತುಂಬಾ ಸಂತೋಷವಾಯಿತು.

ಸಂತೋಷ ಮರುದಿನ ಮಧ್ಯಾಹ್ನದವರೆಗೆ ಬಾಳಿತು. ಹುಡುಗಿ ಫ್ರಿಜ್ಜಿನಿಂದ ನಿನ್ನೆಯ ಸಾರಿನ ಪಾತ್ರೆ ತೆಗೆದು ಬಾಲ್ಕನಿಯಲ್ಲಿ ಇಟ್ಟಳು.

"ಇದೆಂತದು? ಕಾಗೆಗಾ?"

"ನನಗ್ರಿ. ಬೆಚ್ಚಗಾಗ್ಲಿ ಅಂತ ಬಿಸಿಲಿಗೆ ಇಟ್ಟೀನಿ. ಬಿಸಿಲು ನಾ ಹಚ್ಚಿದ್ದಲ್ಲಲ್ರಿ."

ಕುವೈತಿನ ಜೂನ್ ತಿಂಗಳ ಬಿಸಿಲು. ಸ್ವಲ್ಪ ಹೊತ್ತಿನಲ್ಲಿ ಪಾತ್ರೆಯನ್ನು ಬರಿಗೈಯಲ್ಲಿ ಮುಟ್ಟುವ ಹಾಗಿರಲಿಲ್ಲ. ಅದೆಲ್ಲ ಸರಿ. ಆದರೆ ನನ್ನ ಮನೆಯಲ್ಲಿ, ನಾನು ಬದುಕಿರುವಾಗ, ಬಂದ ಹುಡುಗಿ ತಂಗಳು ತಿನ್ನುವುದೆ? ಅತಿಥಿಗೆ ತಂಗಳು ಬಡಿಸಿದವರ ಹೆಸರನ್ನು ನನ್ನ ಅಮ್ಮ ಸಾಯುವವರೆಗೂ ಮರೆತಿರಲಿಲ್ಲ. ನನಗೆ ಆ ದಿನ ಊಟ ಸೇರಲಿಲ್ಲ.

ಮೇಲಿನ ಮಹಡಿಯ ರಮ್ಲಾಳಲ್ಲಿ ದುಃಖ ತೋಡಿಕೊಂಡೆ. ಬಂಟ್ವಾಳದ ಬ್ಯಾರಿ ಮುಸ್ಲಿಂ ಹೆಂಗಸು, ನೇರ ಮಾತಿನವಳು. "ಅವಳ ಧರ್ಮದಲ್ಲಿ ಬೇಡ ಅಂದ್ರೆ ಬೇಡ ಅಲ್ವಾ ಸುಗಂಧಿ," ಎಂದಳು. "ನಾವು ಉಪವಾಸ ಹಿಡಿದಾಗ ನೀನು ಬಂದು ಬಾಯಿಗೆ ತುರುಕ್ತೀಯಾ?" ಒಳ್ಳೆಯ ಸಲಹೆ. ಒಳ್ಳೆಯ ಸಲಹೆಗಳನ್ನು ನಾನು ಕಿವಿ ತುಂಬ ಕೇಳುತ್ತೇನೆ, ಆಮೇಲೆ ನನಗೆ ತೋಚಿದ್ದನ್ನು ಮಾಡುತ್ತೇನೆ.

ಮುಂದಿನ ಶನಿವಾರ ನನ್ನ ಗುಪ್ತ ಕಾರ್ಯಾಚರಣೆ ನಡೆಯಿತು. ಯಾಯೆಲ್ ಪಾತ್ರೆಯನ್ನು ಬಾಲ್ಕನಿಯಲ್ಲಿಟ್ಟು, ಬಾಗಿಲು ಹಾಕಿಕೊಂಡು ಪ್ರಾರ್ಥನೆಗೆ ಕೂತಳು. ನಾನು ಗುಟ್ಟಾಗಿ ತಂದಿಟ್ಟಿದ್ದ ಝುಬೈದಿಯಿಂದ, ಅವಳ ಸಾರಿನದೇ ಬಣ್ಣ ಬರುವ ಹಾಗೆ, ಬಿಸಿಬಿಸಿ ಸಾರು ಇಳಿಸಿದೆ. ಅವಳ ಸಾರನ್ನು ಬೇರೆ ಪಾತ್ರೆಗೆ ಸುರಿದು, ನನ್ನದನ್ನು ಅವಳ ಪಾತ್ರೆಯಲ್ಲಿ ತುಂಬಿಸಿದೆ. ಬಿಸಿಯ ಬಗ್ಗೆ ಸಂಶಯವೇ ಬರುವಂತಿರಲಿಲ್ಲ. ಅಪರಾಧವೆಲ್ಲ ಸೂರ್ಯನ ತಲೆಗೆ.

ಯಾಯೆಲ್ ಒಂದು ತುತ್ತು ಬಾಯಿಗಿಟ್ಟಳು. ನಾನು 'ಆಹಾ'ಕ್ಕಾಗಿ ಕಾದೆ.

"ಆಂಟಿ, ನಿನ್ನಿ ರುಚಿ ನೋಡಿದಾಗ ಭಾರಿ ಚಲೋ ಇತ್ರಿ. ಇವತ್ತ ಉಪ್ಪಿಲ್ಲ, ಹುಳಿ ಇಲ್ಲ. ಈ ಮೀನ ಎರಡನೇ ಸಲ ಸತ್ತಂಗ ಆಗೇತಿ."

ನನ್ನ ಸಾರಿನ ಬಗ್ಗೆ, ನನ್ನ ಊಟದ ಮೇಜಿನಲ್ಲಿ, ನನ್ನದೇ ಮುಖ ನೋಡಿ. "ಬಿಸಿಲಿಗೆ ಹಾಗಾಗಿರಬೇಕು," ಎಂದೆ.

ಅವಳು ಮಲಗಿದ ಮೇಲೆ ಇವರು ಊಟಕ್ಕೆ ಬಂದರು. ಝುಬೈದಿಯನ್ನು ಚೆಲ್ಲಲು ಮನಸ್ಸು ಬಾರದೆ ಅವಳ ಸಾರನ್ನು ಇವರಿಗೆ ಬಡಿಸಿದೆ. ಶನಿವಾರ ಮೀನು ಕಂಡು ಮೊದಲೇ ಬೆರಗಾಗಿದ್ದರು. ಒಂದು ತುತ್ತು ತಿಂದು ಕೈ ನಿಲ್ಲಿಸಿದರು. ಮುಳ್ಳು ಸಿಕ್ಕಿತೇನೋ ಎಂದು ನಾನು ನೀರು ಹಿಡಿದು ಓಡಿದೆ.

"ಸುಗಂಧೀ," ಎಂದರು. "ಇದು ಲಾಯ್ಕುಂಟು."

ಲೋಟ ನನ್ನ ಕೈಯಿಂದ ಜಾರಿತು. ನಿನ್ನೆಯ ಮೀನು ಸಾರು ಇವತ್ತು ಹೆಚ್ಚು ರುಚಿ ಎನ್ನುವುದು ನಮ್ಮ ಕರಾವಳಿಯಲ್ಲಿ ತೊಟ್ಟಿಲ ಮಗುವಿಗೂ ಗೊತ್ತು. ಆ ಹೊಗಳಿಕೆ ನನ್ನದಲ್ಲವೆಂದು ನನಗೂ ಗೊತ್ತು. ಆದರೂ ತೆಗೆದುಕೊಂಡೆ. ಇಷ್ಟು ವರ್ಷ ಬಾಯಾರಿದವಳು ಲೋಟ ಯಾರದೆಂದು ಕೇಳಲಿಲ್ಲ.

ಇಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ 'ಎರಡನೇ ಸಲ ಸತ್ತ ಮೀನು' ನನ್ನ ಎದೆಯಲ್ಲಿ ಮುಳ್ಳಾಗಿ ನಿಂತಿತ್ತು. ಶನಿವಾರವಾದ್ದರಿಂದ ಉಪ್ಪು ನೋಡದೆ ಇಳಿಸಿದ್ದೆ, ಅಷ್ಟೇ ತಪ್ಪು. ಮರುವಾರ ಅಂದಾಜಿನ ಮೇಲೆ ಉಪ್ಪು ಜಾಸ್ತಿ ಹಾಕಿದೆ. ಹುಡುಗಿ ಎದ್ದು ಹೋಗಿ ನೀರು ಕುಡಿದು ಬಂದು, "ಸಮುದ್ರ ಕುಡದಂಗಾತ್ರಿ," ಎಂದಳು. ಅದರ ಮರುವಾರ ಉಪ್ಪಿಗೆ ಹೆದರಿ ಹುಣಸೆಯ ಕಡೆಗೆ ವಾಲಿದೆ. ಅವಳ ಒಂದು ಕಣ್ಣು ತಾನಾಗಿ ಮುಚ್ಚಿಕೊಂಡಿತು. ಇತ್ತ ಇವರು ಶನಿವಾರ ಬೆಳಗಾದರೆ ಹಾಡು ಗುನುಗತೊಡಗಿದ್ದರು.

ಪಾಪ, ಯಾಯೆಲ್ ತನ್ನ ಕೈಯನ್ನೇ ದೂರಿದಳು. ತೆಂಗಿನ ಹಾಲಿನ ಡಬ್ಬಿ ಬದಲಾಯಿಸಿದಳು. ಕುವೈತಿನ ನೀರನ್ನು ಬೈದಳು. ಅವಳ ಮಮ್ಮಿ ಹುಬ್ಬಳ್ಳಿಯಿಂದ ಫೋನಿನಲ್ಲಿ ಪಾತ್ರೆ ಬದಲಾಯಿಸಲು ಹೇಳಿದಳು. ಹೊಸ ಪಾತ್ರೆ ಬಂತು. ಹೊಸ ಪಾತ್ರೆಗೂ ನಾನು ನನ್ನ ಸಾರನ್ನೇ ತುಂಬಿಸಿದೆ.

ಒಂದು ಗುರುವಾರ ಸಂಜೆ ಹುಡುಗಿ ಅಡುಗೆಮನೆಯ ಬಾಗಿಲಲ್ಲಿ ನಿಂತಳು. ಕಣ್ಣು ಕೆಂಪಗಾಗಿತ್ತು. "ಟಿಕೆಟ್ ನೋಡು ಅಂತ ಮಮ್ಮಿಗೆ ಹೇಳೀನ್ರಿ, ಆಂಟಿ. ವಾರಕ್ಕ ಒಂದು ದಿನ ದೇವರ ಹೆಸರಿನ್ಯಾಗ ನೆಟ್ಟಗ ಉಣ್ಣಾಕೂ ನನಗ ಬರಂಗಿಲ್ಲ. ಶುಕ್ರವಾರ ಬರೋಬ್ಬರಿ ಇರ್ತದ, ಶನಿವಾರ ಕೆಡ್ತದ. ಮಮ್ಮಿ ಕೈಗುಣ ನನಗ ಬರಲಿಲ್ಲ. ಆಕಿ ಹೇಳಿದ್ದ ಖರೆ ಆತು."

ವರ್ಷ ಪೂರ್ತಿ ಇರಿಸಿಕೊಳ್ಳುತ್ತೇನೆ ಎಂದು ಪ್ರತಿಜ್ಞೆ ಮಾಡಿದವಳು ನಾನು, ಓಡಿಸುತ್ತಿರುವವಳೂ ನಾನೇ. "ಒಂದೇ ಒಂದು ಶನಿವಾರ ನೋಡು ಮಗಾ," ಎಂದೆ. "ಈ ಸಲ ಕೆಡುವುದಿಲ್ಲ. ನನ್ನ ಮಾತು ನಂಬು." ಆ ಶನಿವಾರ ಪಾತ್ರೆ ಬಾಲ್ಕನಿಯಲ್ಲಿದ್ದಷ್ಟು ಹೊತ್ತು ನಾನು ಬೆಡ್‌ರೂಮಿನ ಕಪಾಟು ಜೋಡಿಸುತ್ತಾ, ನನ್ನ ಕೈಗಳನ್ನು ನಾನೇ ಕಾವಲು ಕಾದೆ.

ಯಾಯೆಲ್ ತಿಂದಳು. ಅವಳ ಮುಖ ಅರಳಿದ ಪರಿಯನ್ನು ನಾನು ಮಾತಿನಲ್ಲಿ ಹೇಳಲಾರೆ. "ಆಂಟಿ, ಬರೋಬ್ಬರಿ ಆಗೇತ್ರಿ. ಮಮ್ಮಿ ಮಾಡಿದಂಗ ಐತಿ. ಅಂಕಲ್, ಬರ್ರಿ, ನೀವೂ ಒಂದೀಟು ನೋಡ್ರಿ." ನಾನು 'ಅವರಿಗೆ ಈಗ ಹಸಿವಿಲ್ಲ' ಎನ್ನುವಷ್ಟರಲ್ಲಿ ಇವರು ಬಂದು ಕೂತಾಗಿತ್ತು.

"ಇದು ನಮ್ಮ ಸುಗಂಧಿಯ ಸಾರಲ್ಲವಾ," ಎಂದರು ಬೆರಳು ನೆಕ್ಕುತ್ತಾ. "ಪ್ರತಿ ಶನಿವಾರ ನಾನು ತಿನ್ನುವುದು ಇದನ್ನೇ."

ಯಾಯೆಲ್ ಪಾತ್ರೆಯನ್ನು ನೋಡಿದಳು. ಅವರನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. "ಹಂಗಾದ್ರ ಇಷ್ಟು ಶನಿವಾರ ನಾ ತಿಂದದ್ದು ಯಾರ ಸಾರ್ರಿ?"

ಹೇಳಿದೆ. ಎಲ್ಲವನ್ನೂ ಹೇಳಿದೆ. ಇವರು ಸೇಫ್ಟಿ ಆಫೀಸರರ ಗಂಭೀರ ಧ್ವನಿಯಲ್ಲಿ, "ಅಪಘಾತದ ಮೂಲ ಕಾರಣ ಸಿಕ್ಕಿತು," ಎಂದರು. ಯಾರೂ ನಗಲಿಲ್ಲ.

"ಕೈ ಹಚ್ಚಬ್ಯಾಡ್ರಿ ಅಂತ ಮೊದಲ ದಿನಾನ ಹೇಳಿದ್ದೆ," ಎಂದಳು ಯಾಯೆಲ್ ಮೆಲ್ಲಗೆ. "ಶಬ್ಬಾತ್ ದಿನ ನನ್ನ ಸಲುವಾಗಿ ಬೇಯಿಸಿದ್ದನ್ನ ನಾ ತಿನ್ನಂಗಿಲ್ರಿ. ಇದು ಉಪ್ಪಿನ ಮಾತಲ್ಲ." ಎದ್ದು ಹೋಗಿ ಕೋಣೆಯ ಬಾಗಿಲು ಹಾಕಿಕೊಂಡಳು. ಬಾಗಿಲನ್ನು ದಡಾರನೆ ಹಾಕಿದ್ದರೆ ನಾನೂ ಸಿಟ್ಟು ಮಾಡಿಕೊಳ್ಳಬಹುದಿತ್ತು. ಅವಳು ಮೆತ್ತಗೆ ಹಾಕಿದಳು. ನನಗೆ ನಿಜವಾಗಿ ನಾಚಿಕೆಯಾಯಿತು.

ಸಂಜೆ ಅವಳು ತನ್ನ ಚಿಕ್ಕಿ, ಅಂದರೆ ನಕ್ಷತ್ರ, ಮೂಡುವುದನ್ನು ಕಾಯುತ್ತಾ ಬಾಲ್ಕನಿಯಲ್ಲಿ ನಿಂತಿದ್ದಳು. ಆ ದಿನ ಧೂಳು. ಆಕಾಶವೆಲ್ಲ ರಾಗಿ ಹಿಟ್ಟು ಚೆಲ್ಲಿದ ಬಣ್ಣ. ನಾನೂ ಹೋಗಿ ಪಕ್ಕದಲ್ಲಿ ನಿಂತೆ.

"ತಪ್ಪಾಯ್ತು ಮಗಾ. ತಂಗಳು ತಿನ್ನುವುದನ್ನು ನೋಡ್ಲಿಕ್ಕೆ ಆಗ್ಲಿಲ್ಲ."

ಅವಳು ಕಣ್ಣಿನ ಧೂಳು ಒರೆಸಿಕೊಂಡಳು. "ಒಂದು ಮಾತು ಕೇಳ್ಲೆನ್ರಿ ಆಂಟಿ? ದಿನಾ ಅಷ್ಟು ಚಲೋ ಅಡಗಿ ಮಾಡ್ತೀರಿ. ಆ ಸಾರು ಮಾತ್ರ ಯಾಕ ಹಂಗಿತ್ತು?"

"ರುಚಿ ನೋಡಿರಲಿಲ್ಲ. ಶನಿವಾರ ನಾನು ಮೀನು ಬಾಯಿಗೆ ಹಾಕುವುದಿಲ್ಲ ಮಾರಾಯ್ತಿ. ನನಗೆ ಅದು ವ್ರತ."

ಯಾಯೆಲ್ ನನ್ನನ್ನೇ ನೋಡಿದಳು. "ಅಂದ್ರ ನಿಮ್ಮ ಶನಿವಾರ ನೀವು ಒಂದೀಟೂ ಕೆಡಿಸಿಕೊಳ್ಳಲಿಲ್ಲ. ನನ್ನ ಶನಿವಾರ ಮಾತ್ರ ಕೆಡಿಸಿದ್ರಿ." ನಾನು ತಲೆ ತಗ್ಗಿಸಿದೆ. ಅವಳಿಗೆ ಎಲ್ಲಿಂದಲೋ ನಗು ಬಂತು. ನಕ್ಕು ನಕ್ಕು ಬಾಲ್ಕನಿಯ ನೆಲದ ಮೇಲೆ ಕೂತೇಬಿಟ್ಟಳು. ಚಿಕ್ಕಿ ಕಂಡ ಕೂಡಲೇ ಹುಬ್ಬಳ್ಳಿಗೆ ಫೋನು ಹೋಯಿತು: "ಮಮ್ಮಿ, ಟಿಕೆಟ್ ಬ್ಯಾಡ. ಸಾರು ನನಗ ಬರ್ತದ. ವರ್ಷ ಮುಗಿಸೇ ಬರ್ತೀನಿ." ಫೋನಿಟ್ಟು ನನ್ನ ಕಡೆ ತಿರುಗಿ ಶರತ್ತು ಹಾಕಿದಳು. ಇನ್ನು ಮೇಲೆ ಶನಿವಾರ ಮೀನಿಗೆ ಈ ಮನೆಯ ಒಲೆ ಉರಿಯಕೂಡದು, ಏನಿದ್ದರೂ ಶುಕ್ರವಾರವೇ. ಒಪ್ಪಿಕೊಂಡೆ. ಒಪ್ಪದೆ ಎಲ್ಲಿಗೆ ಹೋಗಲಿ?

ಮುಂದಿನ ಶುಕ್ರವಾರ ಕ್ಲಿನಿಕ್ಕಿನಲ್ಲಿ ಯಾರೋ ರಜೆ ಹಾಕಿ, ಯಾಯೆಲ್ ಅಲ್ಲೇ ಸಿಕ್ಕಿಬಿದ್ದು ಫೋನು ಮಾಡಿದಳು. "ಆಂಟಿ, ಹೊತ್ತು ಮುಳುಗೋದ್ರಾಗ ಬಂದು ಮುಟ್ಟತೀನಿ. ಆದ್ರ ಅಡಗೀಗೆ ವ್ಯಾಳ್ಯಾ ಇಲ್ಲ. ಈ ಸಲ ಸಾರು ನೀವ ಮಾಡ್ರಿ." ನನ್ನ ಮೈಯಲ್ಲಿ ಹೊಸ ರಕ್ತ ಹರಿಯಿತು. ಕಳೆದ ಮಾನವನ್ನು ಮರಳಿ ಪಡೆಯುವ ಧರ್ಮಯುದ್ಧ ಅದು. ಮೀನನ್ನು ನಾನೇ ಆರಿಸಿ ತಂದೆ. ಡಬ್ಬಿಯ ಹಾಲು ಬಿಟ್ಟು, ತೆಂಗಿನಕಾಯಿ ತುರಿದು ಹಾಲು ಹಿಂಡಿದೆ. ಶುಕ್ರವಾರವಾದ್ದರಿಂದ ಉಪ್ಪನ್ನೂ ಹುಳಿಯನ್ನೂ ಮತ್ತೆ ಮತ್ತೆ ನಾಲಗೆಯ ಮೇಲಿಟ್ಟು ಪರೀಕ್ಷಿಸಿದೆ. ನನ್ನ ಜನ್ಮದಲ್ಲಿ ನಾನು ಅಂಥ ಸಾರು ಮಾಡಿರಲಿಲ್ಲ.

ಶನಿವಾರ ಮಧ್ಯಾಹ್ನ ಪಾತ್ರೆ ಬಾಲ್ಕನಿಯಿಂದ ಮೇಜಿಗೆ ಬಂತು. ಇವರು ಕಲಸಿ, ಒಂದು ತುತ್ತು ತಿಂದು, ಕಣ್ಣು ಮುಚ್ಚಿದರು.

"ಯಾಯೆಲ್," ಎಂದರು, "ಹೋದ ವಾರದ್ದು ಇದರ ಮುಂದೆ ಏನೂ ಅಲ್ಲ. ಇಂಥ ಸಾರು ನಾನು ತಿಂದದ್ದೇ ಇಲ್ಲ."

ಸೆರಗು ಸರಿಮಾಡಿಕೊಂಡು ಕಾದೆ.

"ನಂದಲ್ರಿ ಅಂಕಲ್," ಎಂದಳು ಯಾಯೆಲ್, ಕಣ್ಣು ಮಿಟುಕಿಸಿ. "ಇದು ಪೂರಾ ಆಂಟಿ ಮಾಡಿದ್ದು."

ಇವರ ಕೈ ನಿಂತಿತು. ನನ್ನನ್ನು ನೋಡಿದರು. ತಟ್ಟೆಯನ್ನು ನೋಡಿದರು. ಇನ್ನೊಂದು ತುತ್ತನ್ನು ನಿಧಾನವಾಗಿ ಅಗಿದರು.

"ಹೌದಾ," ಎಂದರು. "ಅದಕ್ಕೇ ಎಣಿಸಿದೆ, ಉಪ್ಪು ಒಂಚೂರು ಮುಂದೆ ಉಂಟಲ್ಲ ಅಂತ."

ಆಮೇಲೆ ಪಾತ್ರೆಯನ್ನು ತಳ ಬಳಿದು ತಿಂದು, ಎದ್ದು, ಕೈ ತೊಳೆದು, "ಆಯ್ತು" ಎಂದರು.